ಸನ್ನದಿಲ್ಲದ ವಕೀಲ, ಮಕ್ಕಳಿಗೊಂದು ದೋಣಿ

ವಕೀಲ ಅಂದ ಕೂಡಲೇ ಜನರ ಕಣ್ಣಿಗೆ ಬರುವುದು ಕರಿಕೋಟು, ಬಿಳಿ ಪಟ್ಟಿ, ಕಂಕುಳಲ್ಲಿ ಕಾಗದದ ಕಟ್ಟು. ಮೈರನ್ ಥಾಂಪ್ಸನ್‌ಗೆ ಇದಾವುದೂ ಇರಲಿಲ್ಲ. ಅವರು ಓದಿದ್ದು ಸಮಾಜಸೇವೆ. ಆದರೆ ಹವಾಯಿ ದ್ವೀಪಗಳಲ್ಲಿ ಮಕ್ಕಳ ಪರವಾಗಿ ಅವರಷ್ಟು ದೀರ್ಘಕಾಲ ವಾದ ಮಾಡಿದವರು ಬಹಳ ಮಂದಿ ಇಲ್ಲ. ಕಚೇರಿಯಲ್ಲಿ ವಾದಿಸಿದರು, ಸರ್ಕಾರದ ಮುಂದೆ ವಾದಿಸಿದರು, ಕೊನೆಗೆ ಕಡಲಿಗೆ ಇಳಿದೂ ವಾದಿಸಿದರು.

ಊರವರಿಗೆಲ್ಲ ಅವರು 'ಪಿಂಕಿ'. 2001ರ ಡಿಸೆಂಬರ್ 25ರಂದು, 77ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಹೋಗಿ ಎರಡು ದಶಕದ ಮೇಲಾಯಿತು. ಆದರೂ ಹವಾಯಿಯಲ್ಲಿ ಮಕ್ಕಳ ಮಾತು ಬಂದರೆ ಅವರ ಹೆಸರು ಬರುತ್ತದೆ, ದೋಣಿಯ ಮಾತು ಬಂದರೂ ಅವರ ಹೆಸರೇ ಬರುತ್ತದೆ. ಮಕ್ಕಳಿಗೂ ದೋಣಿಗೂ ಏನು ಸಂಬಂಧ? ಅದನ್ನು ತಿಳಿಯಬೇಕಾದರೆ ಮೊದಲು ಒಬ್ಬ ರಾಣಿಯ ಕಥೆ ಕೇಳಬೇಕು.

ಗಾದಿ ಹೋದ ರಾಣಿ ಬರೆದ ಪತ್ರ

ಹವಾಯಿ ಇವತ್ತು ಅಮೆರಿಕದ ಒಂದು ರಾಜ್ಯ. 1959ರಲ್ಲಿ ರಾಜ್ಯವಾಯಿತು. ಅದಕ್ಕೂ ಹಿಂದೆ ಅದು ಸ್ವತಂತ್ರ ರಾಜ್ಯ, ಅದಕ್ಕೆ ತನ್ನದೇ ರಾಜಮನೆತನ. ಕೊನೆಯ ರಾಣಿ ಲಿಲಿಯುವೊಕಲಾನಿ. 1893ರ ಜನವರಿ 17ರಂದು ಅಲ್ಲಿನ ಬಿಳಿಯ ವ್ಯಾಪಾರಸ್ಥರು, ಕಬ್ಬಿನ ತೋಟದವರು ಸೇರಿ, ಅಮೆರಿಕದ ಹಡಗಿನ ಸೈನಿಕರು ದಡಕ್ಕಿಳಿದ ಧೈರ್ಯದಲ್ಲಿ, ರಾಣಿಯನ್ನು ಗಾದಿಯಿಂದ ಇಳಿಸಿದರು. 1895ರಲ್ಲಿ ಅವರನ್ನು ಅವರದೇ ಅರಮನೆಯ ಒಂದು ಕೋಣೆಯಲ್ಲಿ ಕೂಡಿಹಾಕಿದರು. 1898ರಲ್ಲಿ ದೇಶವೇ ಅಮೆರಿಕದ ಪಾಲಾಯಿತು.

ಗಾದಿ ಹೋಯಿತು, ಅಧಿಕಾರ ಹೋಯಿತು. ಉಳಿದದ್ದು ಸ್ವಂತದ ಒಂದಿಷ್ಟು ಜಮೀನು. ಹೆತ್ತ ಮಕ್ಕಳಿಲ್ಲ. ಅಂಥ ಹೊತ್ತಿನಲ್ಲಿ, 1909ರಲ್ಲಿ, ರಾಣಿ ಒಂದು ಟ್ರಸ್ಟ್ ಪತ್ರ ಬರೆಸಿದರು. ತಮ್ಮ ಆಸ್ತಿಯ ಆದಾಯ ಹವಾಯಿಯ ಅನಾಥ ಮಕ್ಕಳಿಗೆ ಸೇರಬೇಕು. ಎರಡು ವರ್ಷ ಕಳೆದು ಅದಕ್ಕೊಂದು ತಿದ್ದುಪಡಿ ಹಾಕಿಸಿದರು. ಅನಾಥರಷ್ಟೇ ಅಲ್ಲ, ನಿರ್ಗತಿಕ ಮಕ್ಕಳಿಗೂ ಸಿಗಬೇಕು, ಹವಾಯಿ ರಕ್ತದ ಮಕ್ಕಳಿಗೆ ಮೊದಲ ಪಾಲು.

ಆಸ್ತಿ ಅಂದಮೇಲೆ ತಕರಾರು ಇಲ್ಲದೆ ಇರುತ್ತದೆಯೇ? 1915ರಲ್ಲಿ ರಾಜಮನೆತನದ ಕುಹಿಯೋ ಎಂಬ ರಾಜಕುಮಾರ ಕೋರ್ಟಿಗೆ ಹೋದರು. ಪತ್ರಕ್ಕೆ ಸಹಿ ಹಾಕುವಾಗ ರಾಣಿಗೆ ಬುದ್ಧಿ ಸ್ಥಿಮಿತದಲ್ಲಿ ಇರಲಿಲ್ಲ ಎಂಬ ವಾದ. 1917ರಲ್ಲಿ ರಾಣಿ ತೀರಿಕೊಂಡರು. ಪತ್ರ ಮಾತ್ರ ಉಳಿಯಿತು. ಆ ಟ್ರಸ್ಟು ಇಂದಿಗೂ ಮಕ್ಕಳ ಕೆಲಸ ಮಾಡುತ್ತಿದೆ. ರಾಣಿಯ ಹೆಸರಿನಲ್ಲಿ ನಡೆದ ಆ ಮಕ್ಕಳ ಕೇಂದ್ರಕ್ಕೆ ಮುಂದೆ ಮುಖ್ಯಸ್ಥರಾಗಿ ಬಂದವರೇ ಪಿಂಕಿ ಥಾಂಪ್ಸನ್.

ಹಾನಾಯ್ ಎಂಬ ಪದ್ಧತಿ

ಹವಾಯಿಯಲ್ಲಿ ಹಳೆಯ ಕಾಲದಿಂದ 'ಹಾನಾಯ್' ಎಂಬ ಪದ್ಧತಿ ಇತ್ತು. ಒಬ್ಬರ ಮಗುವನ್ನು ಇನ್ನೊಬ್ಬರು ತಮ್ಮದೆಂದು ಸಾಕುವುದು. ಕಾಗದವಿಲ್ಲ, ಮುದ್ರೆಯಿಲ್ಲ, ಮಾತೇ ಪ್ರಮಾಣ. ಹೆತ್ತವರು ಯಾರು ಎಂಬುದನ್ನು ಮಗುವಿನಿಂದ ಮುಚ್ಚಿಡುತ್ತಿರಲಿಲ್ಲ. ಅಜ್ಜ ಅಜ್ಜಿ ಮೊಮ್ಮಗುವನ್ನು ಒಯ್ದು ಸಾಕುವುದು ತೀರಾ ಸಾಮಾನ್ಯ. ರಾಣಿ ಲಿಲಿಯುವೊಕಲಾನಿ ಕೂಡ ಹೀಗೆ ಬೇರೆ ಮನೆಯಲ್ಲಿ ಬೆಳೆದ ಹಾನಾಯ್ ಮಗುವೇ. ಅಂಥ ನಾಡಿನಲ್ಲಿ ಮಗು ಅನಾಥವಾಗುವುದು ಸುಲಭವಿರಲಿಲ್ಲ. ತಾಯಿ ಹೋದರೆ ಚಿಕ್ಕಮ್ಮ, ಚಿಕ್ಕಮ್ಮ ಹೋದರೆ ಅಜ್ಜಿ, ಯಾರಾದರೊಬ್ಬರು ಎತ್ತಿಕೊಳ್ಳುತ್ತಿದ್ದರು.

ಆದರೆ ಎತ್ತಿಕೊಳ್ಳುವ ಕೈಗಳೇ ಕಡಿಮೆಯಾದರೆ? ಹೊರಗಿನಿಂದ ಬಂದ ಹಡಗುಗಳ ಜತೆ ರೋಗಗಳೂ ಬಂದವು. ದಡಾರ, ಸಿಡುಬು, ಫ್ಲೂ. 1778ರಲ್ಲಿ ಕ್ಯಾಪ್ಟನ್ ಕುಕ್ ಬಂದಾಗ ಲಕ್ಷಗಟ್ಟಲೆ ಇದ್ದ ಹವಾಯಿ ಜನ, ರಾಣಿಯ ಕಾಲಕ್ಕೆ ಸುಮಾರು 40 ಸಾವಿರಕ್ಕೆ ಇಳಿದಿದ್ದರು. 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನೇ ಕಲಿಕೆಯ ಭಾಷೆ ಮಾಡಿತು. ಶಾಲೆಯ ಅಂಗಳದಲ್ಲಿ ತಾಯಿನುಡಿ ಆಡಿದ ಮಕ್ಕಳಿಗೆ ಬೈಗುಳ, ಏಟು. ಒಂದೆರಡು ತಲೆಮಾರು ಕಳೆಯುವುದರಲ್ಲಿ ಅಜ್ಜಿಯ ಮಾತು ಮೊಮ್ಮಗುವಿಗೆ ತಿಳಿಯದ ಸ್ಥಿತಿ ಬಂತು.

ಅಲ್ಲಿಂದ ಮುಂದಿನದು ಎಲ್ಲ ಕಡೆ ಇರುವ ಕಥೆಯೇ. ಜಮೀನು ಕಳೆದುಕೊಂಡವರು ಪೇಟೆ ಸೇರಿದರು. ಬಡತನ, ಕುಡಿತ, ಜೈಲು. ಶಾಲೆ ಬಿಟ್ಟ ಮಕ್ಕಳು. ಒಡೆದ ಮನೆಗಳು. ಸ್ವಂತ ನೆಲದಲ್ಲೇ ಹವಾಯಿ ಜನರು ಎಲ್ಲ ಲೆಕ್ಕದಲ್ಲೂ ಕೊನೆಯ ಸಾಲಿಗೆ ಬಿದ್ದರು.

ಗುಂಡು ತಿಂದು ಬಂದ ಹುಡುಗ

ಪಿಂಕಿ ಹುಟ್ಟಿದ್ದು 1924ರ ಫೆಬ್ರವರಿಯಲ್ಲಿ. ಮೈಯಲ್ಲಿ ಹವಾಯಿ ರಕ್ತವೂ ಇತ್ತು, ಬೇರೆ ರಕ್ತವೂ ಇತ್ತು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯ ಸೇರಿ ಯುರೋಪಿಗೆ ಹೋದರು. ಫ್ರಾನ್ಸಿನ ನಾರ್ಮಂಡಿಯಲ್ಲಿ ಗುಂಡೇಟು ಬಿತ್ತು. ಏಟು ಬಿದ್ದದ್ದು ಕಣ್ಣಿಗೆ. ಬಹಳ ಕಾಲ ಆಸ್ಪತ್ರೆಯ ಹಾಸಿಗೆಯೇ ಗತಿಯಾಯಿತು. ಇಪ್ಪತ್ತರ ಹರೆಯದಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕತ್ತಲಲ್ಲಿ ಮಲಗಿದ ಮನುಷ್ಯನಿಗೆ ಯೋಚಿಸುವುದಕ್ಕೆ ಹೊತ್ತು ಬೇಕಾದಷ್ಟು ಸಿಕ್ಕಿರಬೇಕು.

ಗುಣವಾದ ಮೇಲೆ ಅಮೆರಿಕದ ಮೇನ್ ರಾಜ್ಯದ ಕೋಲ್ಬಿ ಕಾಲೇಜಿನಲ್ಲಿ ಓದಿದರು. ಹವಾಯಿ ವಿಶ್ವವಿದ್ಯಾಲಯದಲ್ಲಿ ಸಮಾಜಸೇವೆಯ ಉನ್ನತ ಪದವಿ ಪಡೆದರು. 1960ರ ದಶಕದಲ್ಲಿ ರಾಣಿಯ ಮಕ್ಕಳ ಕೇಂದ್ರದ ಹೊಣೆ ಹೊತ್ತರು.

ಅಂಥ ಕೇಂದ್ರಕ್ಕೆ ಬರುವ ಮಕ್ಕಳು ಎಂಥವರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪ ಸತ್ತವರು, ಅಮ್ಮ ಬಿಟ್ಟುಹೋದವರು, ಅಪ್ಪ ಅಮ್ಮ ಇಬ್ಬರೂ ಇದ್ದು ಇಬ್ಬರಿಗೂ ಬೇಡವಾದವರು. ಇವರಿಗೆ ಊಟ ಕೊಡಬಹುದು, ಬಟ್ಟೆ ಕೊಡಬಹುದು, ಸಾಕುವ ಮನೆ ಹುಡುಕಬಹುದು. ಕೋರ್ಟಿನಿಂದ ಒಂದು ಆರ್ಡರ್ ತರಬಹುದು. ಹವಾಯಿಯಲ್ಲಿ ಕುಟುಂಬ ನ್ಯಾಯಾಲಯದ ಕಾನೂನು ಬಂದದ್ದು 1965ರಲ್ಲಿ. ಆ ಲೆಕ್ಕದಲ್ಲಿ ಅದು ಬಹಳ ರಾಜ್ಯಗಳಿಗಿಂತ ಮುಂದೆ.

ಪಿಂಕಿ ಕಂಡದ್ದು ಬೇರೆಯೇ ಒಂದು ಕಷ್ಟ. ಒಂದು ಮಗುವನ್ನು ಎತ್ತಿ ದಡಕ್ಕೆ ಕೂರಿಸುವಷ್ಟರಲ್ಲಿ ಮೇಲಿನಿಂದ ಇನ್ನೊಂದು ತೇಲಿ ಬರುತ್ತದೆ. ದಡದಲ್ಲಿ ನಿಂತು ಎತ್ತುತ್ತಲೇ ಇದ್ದರೆ ಮುಗಿಯುವುದು ಯಾವಾಗ? ಮೇಲೆ ಯಾರು ನೀರಿಗೆ ನೂಕುತ್ತಿದ್ದಾರೆ ಅಂತ ಹೋಗಿ ನೋಡಬೇಡವೇ?

ಹಾಗೆ ನೋಡಲು ಹೊರಟವರು ಸರ್ಕಾರದ ಒಳಗೇ ಹೊಕ್ಕರು. ಗವರ್ನರ್ ಜಾನ್ ಬರ್ನ್ಸ್ ಅವರ ಆಪ್ತ ಆಡಳಿತ ಸಹಾಯಕರಾದರು. ರಾಜ್ಯದ ಸಮಾಜ ಕಲ್ಯಾಣ ಮತ್ತು ವಸತಿ ಇಲಾಖೆಯ ನಿರ್ದೇಶಕರಾದರು. 1975ರಲ್ಲಿ ಹವಾಯಿ ಜನರಿಗೆ ಕೆಲಸ, ತರಬೇತಿ ಕೊಡಿಸಲು ಹುಟ್ಟಿದ 'ಅಲು ಲೈಕ್' ಸಂಸ್ಥೆಯ ಹಿಂದೆಯೂ ಅವರೇ ಇದ್ದರು. 1980ರ ದಶಕದಲ್ಲಿ ಹವಾಯಿ ಮಕ್ಕಳ ಓದು ಹೇಗಿದೆ, ಜನರ ಆರೋಗ್ಯ ಹೇಗಿದೆ ಎಂಬ ಅಂಕಿಅಂಶ ಹಿಡಿದು ವಾಷಿಂಗ್ಟನ್ನಿಗೆ ಎಡತಾಕಿದರು. ಅಲ್ಲಿ ಅವರಿಗೆ ಜತೆ ನಿಂತವರು ಸೆನೆಟರ್ ಡೇನಿಯಲ್ ಇನೋಯೆ. ಅವರು ಯುದ್ಧದಲ್ಲಿ ಬಲಗೈ ಕಳೆದುಕೊಂಡವರು. ಕಣ್ಣಿಗೆ ಪೆಟ್ಟು ತಿಂದವರೊಬ್ಬರು, ಕೈ ಕಳೆದುಕೊಂಡವರೊಬ್ಬರು. 1988ರಲ್ಲಿ ಹವಾಯಿ ಜನರ ಆರೋಗ್ಯಕ್ಕೆ, ಶಿಕ್ಷಣಕ್ಕೆ ಪ್ರತ್ಯೇಕ ಹಣ ಕೊಡುವ ಕಾನೂನುಗಳು ಬಂದವು. ಸನ್ನದಿಲ್ಲದ ವಕೀಲ ಗೆದ್ದ ದೊಡ್ಡ ಕೇಸು ಅದು.

ಇನ್ನು ದೋಣಿಯ ಕಥೆ

ಹವಾಯಿ ದ್ವೀಪಗಳಿಗೆ ಮೊದಲ ಜನ ಬಂದದ್ದು ಹೇಗೆ? ಸುತ್ತ ಸಾವಿರಾರು ಕಿಲೋಮೀಟರ್ ಬರಿ ನೀರು. ದೊಡ್ಡ ಪಂಡಿತರಲ್ಲಿ ಕೆಲವರು ಒಂದು ಮಾತು ಹೇಳಿಬಿಟ್ಟಿದ್ದರು. ಬೇಕೆಂದು ಬಂದವರಲ್ಲ, ಗಾಳಿಗೆ ಸಿಕ್ಕಿ, ದಿಕ್ಕು ತಪ್ಪಿ, ತೇಲಿ ಬಂದು ಬಿದ್ದವರು ಅಂತ. 1956ರಲ್ಲಿ ಆಂಡ್ರ್ಯೂ ಶಾರ್ಪ್ ಎಂಬ ನ್ಯೂಜಿಲೆಂಡಿನ ಲೇಖಕ ಇದನ್ನೇ ವಾದಿಸಿ ಪುಸ್ತಕ ಬರೆದರು.

ನೋಡಿ, ಅನಾಥ ಮಗುವಿಗೆ 'ನಿಮ್ಮ ಅಜ್ಜಂದಿರೂ ದಿಕ್ಕು ತಪ್ಪಿ ಬಂದವರೇ' ಅಂತ ಪಾಠ ಹೇಳಿದ ಹಾಗಾಯಿತು.

ಅದು ಸುಳ್ಳು ಎಂದು ತೋರಿಸಲು 1973ರಲ್ಲಿ ಮೂವರು ಸೇರಿ ಪಾಲಿನೇಷ್ಯನ್ ವಾಯೇಜಿಂಗ್ ಸೊಸೈಟಿ ಕಟ್ಟಿದರು. ಒಬ್ಬರು ಚಿತ್ರಗಾರ ಹರ್ಬ್ ಕಾನೆ, ಒಬ್ಬರು ಮಾನವಶಾಸ್ತ್ರದ ಪಂಡಿತ ಬೆನ್ ಫಿನ್ನಿ, ಇನ್ನೊಬ್ಬರು ಕಡಲಿನಲ್ಲಿ ಹುಟ್ಟುಹಾಕಿ ಪಳಗಿದ ಟಾಮಿ ಹೋಮ್ಸ್. 1975ರ ಮಾರ್ಚ್ 8ರಂದು ಹಳೆಯ ಮಾದರಿಯ ಒಂದು ಜೋಡಿದೋಣಿ ನೀರಿಗಿಳಿಯಿತು. 62 ಅಡಿ ಉದ್ದ. ಎರಡು ಬಸ್ಸು ಒಂದರ ಹಿಂದೊಂದು ನಿಲ್ಲಿಸಿದರೆ ಆಗುವಷ್ಟೂ ಉದ್ದವಿಲ್ಲ. ಎರಡು ಒಡಲು, ನಡುವೆ ಅಟ್ಟ, ಮೇಲೆ ಹಾಯಿ. ಕಾರವಾರದ ಕಡೆ ಪಕ್ಕಕ್ಕೆ ಮರದ ತುಂಡು ಕಟ್ಟಿದ ಮೀನುದೋಣಿ ನೋಡಿದವರಿಗೆ ಇದರ ಯುಕ್ತಿ ಬೇಗ ಹೊಳೆಯುತ್ತದೆ. ಅದೇ ತತ್ವ. ಇಲ್ಲಿ ತುಂಡಿನ ಬದಲು ಇನ್ನೊಂದು ದೋಣಿ. ಇಂಥ ಜೋಡಿದೋಣಿಗೆ ಇಂಗ್ಲಿಷರು ಇಟ್ಟ 'ಕ್ಯಾಟಮರಾನ್' ಎಂಬ ಹೆಸರು ಕೂಡ ತಮಿಳಿನ 'ಕಟ್ಟುಮರಂ'ನಿಂದ ಹೋದದ್ದೇ.

ದೋಣಿಗೆ ಇಟ್ಟ ಹೆಸರು 'ಹೋಕುಲೇಅ'. ಅದು ಒಂದು ನಕ್ಷತ್ರ. ಪಂಚಾಂಗ ನೋಡುವವರಿಗೆ ಅದು ಚೆನ್ನಾಗಿ ಗೊತ್ತು. ಅದೇ ಸ್ವಾತಿ. ಹವಾಯಿಯಲ್ಲಿ ನಿಂತರೆ ಸ್ವಾತಿ ಹೆಚ್ಚುಕಡಿಮೆ ನೆತ್ತಿಯ ಮೇಲೆ ಹಾಯುತ್ತದೆ. ದಕ್ಷಿಣದ ಟಹೀಟಿಯಲ್ಲಿ ನೆತ್ತಿಯ ಮೇಲೆ ಹಾಯುವುದು ಲುಬ್ಧಕ. ಹಳೆಯ ನಾವಿಕರಿಗೆ ಇವೇ ಊರಿನ ಬೋರ್ಡು. ಲುಬ್ಧಕ ನೆತ್ತಿಗೆ ಬಂದರೆ ಟಹೀಟಿಯ ಸಾಲಿಗೆ ಬಂದೆವು ಅಂತ ಲೆಕ್ಕ. ಮೋಡ ಕವಿದ ರಾತ್ರಿ ಅಲೆಗಳ ತೂಗಾಟವೇ ದಿಕ್ಕು ಹೇಳಬೇಕು. ಹಗಲಲ್ಲಿ ಸೂರ್ಯ, ದಡ ಹತ್ತಿರವಾದಾಗ ಹಕ್ಕಿ.

ಆದರೆ ಈ ವಿದ್ಯೆ ಬಲ್ಲವರು ಹವಾಯಿಯಲ್ಲಿ ಒಬ್ಬರೂ ಉಳಿದಿರಲಿಲ್ಲ. ಪಶ್ಚಿಮದ ಸತವಾಲ್ ಎಂಬ ಪುಟ್ಟ ದ್ವೀಪದಿಂದ ಮಾವ್ ಪಿಯಾಯ್ಲುಗ್ ಎಂಬ ಮೀನುಗಾರ ನಾವಿಕ ಬಂದರು. 1976ರ ಮೇ 1ರಂದು ಹೊರಟ ದೋಣಿ ಜೂನ್ 4ರಂದು ಟಹೀಟಿಯ ಪಪೀಟೆ ಬಂದರು ಮುಟ್ಟಿತು. ಸುಮಾರು 4 ಸಾವಿರ ಕಿಲೋಮೀಟರ್ ದಾರಿ. ದೋಣಿಯಲ್ಲಿ ದಿಕ್ಸೂಚಿ ಇಲ್ಲ, ನಕ್ಷೆ ಇಲ್ಲ. ದಡದಲ್ಲಿ ಸಾವಿರಾರು ಜನ ಸೇರಿದ್ದರು. ತೇಲಿ ಬಂದವರು ಎಂಬ ಮಾತು ಅವತ್ತೇ ಮುಳುಗಿತು.

ಗೆಲುವಿನ ಹಿಂದೆ ಹುಳುಕೂ ಇತ್ತು. ದಾರಿಯಲ್ಲಿ ಸಿಬ್ಬಂದಿ ತಮ್ಮತಮ್ಮಲ್ಲೇ ಜಗಳವಾಡಿದ್ದರು. ಬೇಸತ್ತ ಮಾವ್ ಮರಳುವ ದಾರಿಗೆ ದೋಣಿ ಹತ್ತಲಿಲ್ಲ, ತಮ್ಮ ದ್ವೀಪಕ್ಕೆ ಹೊರಟುಹೋದರು. ಮರಳುವ ದೋಣಿಯಲ್ಲಿ ಇಪ್ಪತ್ತಮೂರರ ಒಬ್ಬ ಹುಡುಗನಿದ್ದ. ಹೆಸರು ನೈನೋವಾ. ಪಿಂಕಿಯ ಮಗ.

ಮಾರ್ಚ್ 16ರ ರಾತ್ರಿ

1978ರ ಮಾರ್ಚ್ 16. ಹೋಕುಲೇಅ ಮತ್ತೆ ಟಹೀಟಿಗೆ ಹೊರಟಿತು. ಗಾಳಿ ಬಿರುಸಾಗಿತ್ತು. ಬೀಳ್ಕೊಡಲು ಜನ ನೆರೆದಿದ್ದರು. ಹೊರಟೇಬಿಟ್ಟರು. ಜತೆಗೆ ಕಾವಲು ಹಡಗು ಇರಲಿಲ್ಲ. ಅದೇ ರಾತ್ರಿ ಮೊಲೊಕಾಯ್ ಕಾಲುವೆಯಲ್ಲಿ ದೋಣಿ ಮಗುಚಿತು. ಎಲ್ಲರೂ ಕವುಚಿದ ಒಡಲಿಗೆ ಅಂಟಿಕೊಂಡು ರಾತ್ರಿ ಕಳೆದರು. ಮೇಲೆ ವಿಮಾನಗಳು ಹಾರಿಹೋದವು, ಯಾರೂ ನೋಡಲಿಲ್ಲ.

ಅವರಲ್ಲಿ ಎಡ್ಡಿ ಐಕಾವು ಇದ್ದರು. ವಯಸ್ಸು 31. ವೈಮೆಯಾ ಕೊಲ್ಲಿಯ ಜೀವರಕ್ಷಕ. ಮನೆಯಷ್ಟು ಎತ್ತರದ ಅಲೆಗಳಿಗೆ ನುಗ್ಗಿ ಎಷ್ಟೋ ಜನರನ್ನು ಎಳೆದು ತಂದ ಮನುಷ್ಯ. ಮರುದಿನ ಬೆಳಗ್ಗೆ ತಮ್ಮ ಅಲೆಹಲಗೆ ಹಿಡಿದು, ಸಹಾಯ ತರುತ್ತೇನೆಂದು ಲಾನಾಯ್ ದ್ವೀಪದ ಕಡೆ ಕೈಹುಟ್ಟು ಹಾಕುತ್ತ ಹೋದರು. ಅಂದು ಸಂಜೆ ಒಂದು ವಿಮಾನದವರಿಗೆ ಬೆಂಕಿಬಾಣ ಕಂಡಿತು. ಉಳಿದವರನ್ನೆಲ್ಲ ಎತ್ತಿದರು. ಎಡ್ಡಿ ಮಾತ್ರ ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ.

ಆ ಕವುಚಿದ ದೋಣಿಯ ಮೇಲೆ ರಾತ್ರಿಯಿಡೀ ಕೂತು ಬದುಕಿ ಬಂದವರಲ್ಲಿ ನೈನೋವಾ ಕೂಡ ಒಬ್ಬರು. ಅಂದರೆ ಒಂದು ಮನೆಯ ಮಗ ಬಂದ, ಇನ್ನೊಂದು ಮನೆಯ ಮಗ ಬರಲಿಲ್ಲ.

ಸಾಕು, ನಿಲ್ಲಿಸಿ ಎಂಬ ಮಾತು ಎಲ್ಲ ಕಡೆಯಿಂದ ಬಂತು. ತಪ್ಪೇನೂ ಇಲ್ಲ. ಯಾವ ತಂದೆಯಾದರೂ ಆ ಹೊತ್ತಿಗೆ ಏನು ಮಾಡುತ್ತಾರೆ? ಮಗನ ಕೈಹಿಡಿದು ಮನೆಗೆ ಕರೆತಂದು ಕದ ಹಾಕುತ್ತಾರೆ. ಪಿಂಕಿ ಅದರ ತಿರುವುಮುರುವು ಮಾಡಿದರು. ಆ ದುರಂತದ ನಂತರ ಸೊಸೈಟಿಯ ಹೊಣೆಯನ್ನು ತಾವೇ ತಲೆಯ ಮೇಲೆ ಹೊತ್ತರು. ದೋಣಿ ಮತ್ತೆ ಹೋಗಬೇಕು ಎಂದರು. ಆದರೆ ಹಿಂದಿನ ಹಾಗೆ ಅಲ್ಲ.

ಇಲ್ಲೇ ಅವರ ಹೆಚ್ಚುಗಾರಿಕೆ ಇರುವುದು. ಹುಂಬ ಧೈರ್ಯಕ್ಕೆ ಅವರು ಕೈ ತಟ್ಟಲಿಲ್ಲ. ಎಡ್ಡಿಯ ಸಾವಿಗೆ ಹೂಮಾಲೆ ಹಾಕಿ ಕೈತೊಳೆದುಕೊಳ್ಳಲೂ ಇಲ್ಲ. ಜನರನ್ನು ಕೂರಿಸಿ, ಮೊದಲು ಎಲ್ಲಿಗೆ ಹೋಗಬೇಕು ಎಂಬುದನ್ನು ಮನಸ್ಸಿನಲ್ಲಿ ನಿಚ್ಚಳ ಮಾಡಿಕೊಳ್ಳಿ ಎಂದರು. ಆಮೇಲೆ ಯೋಜನೆ, ಆಮೇಲೆ ಶಿಸ್ತು, ತಾಲೀಮು. ಅದೆಲ್ಲ ಆದ ಮೇಲೆ ಧೈರ್ಯ. ಎಲ್ಲಕ್ಕೂ ತಳದಲ್ಲಿ ಒಬ್ಬರ ಮೇಲೊಬ್ಬರಿಗೆ ಅಕ್ಕರೆ. ಹಿಂದಿನವರು ಹೊಸ ದ್ವೀಪ ಹುಡುಕಿ ಹೊರಟದ್ದು ಇದೇ ಕ್ರಮದಲ್ಲಿ ಎಂಬುದು ಅವರ ನಂಬಿಕೆ. ಮಕ್ಕಳ ಕೇಂದ್ರದಲ್ಲಿ ಕಲಿತ ಪಾಠವನ್ನೇ ಅವರು ದೋಣಿಗೂ ಹೇಳಿದರು.

ನೈನೋವಾ ಮಾವ್ ಅವರನ್ನು ಹುಡುಕಿಕೊಂಡು ಹೋಗಿ, ಕಲಿಸಿಕೊಡಿ ಎಂದು ಕೇಳಿಕೊಂಡರು. ಮುನಿಸಿಕೊಂಡು ಹೋಗಿದ್ದ ಗುರು ಮರಳಿ ಬಂದರು. ತಮ್ಮ ದ್ವೀಪದ ವಿದ್ಯೆ ಹೊರಗಿನವರಿಗೆ ಹೇಳಬಾರದೆಂಬ ಕಟ್ಟಳೆ ಮೀರಿ ಕಲಿಸಿದರು. ನೈನೋವಾ ರಾತ್ರಿ ಕಡಲಿನಲ್ಲಿ ಆಕಾಶ ನೋಡಿದರು, ಹಗಲು ಹೊನೊಲುಲುವಿನ ಬಿಷಪ್ ಮ್ಯೂಸಿಯಂನ ತಾರಾಲಯದಲ್ಲಿ ಕೂತು ಮತ್ತದೇ ಆಕಾಶ ನೋಡಿದರು. 1980ರ ಮಾರ್ಚಿನಲ್ಲಿ ಹೋಕುಲೇಅ ಹಿಲೊ ಬಂದರಿನಿಂದ ಹೊರಟಿತು. ಈ ಸಲ ಹಿಂದೆ ಕಾವಲು ಹಡಗು ಇತ್ತು. ದಾರಿ ತೋರಿಸಿದ್ದು ನೈನೋವಾ. ಗುರು ಪಕ್ಕದಲ್ಲಿ ಕೂತಿದ್ದರು, ಅಷ್ಟೆ. ಟಹೀಟಿಗೆ ಹೋಗಿ ಸುಖವಾಗಿ ಮರಳಿ ಬಂದರು. ಟಹೀಟಿ ಕಡಲಿನಿಂದ ಮೇಲೇಳುವುದನ್ನು ನೋಡಬೇಕು ಎಂಬುದು ಎಡ್ಡಿಯ ಆಸೆಯಾಗಿತ್ತು. ಆ ನೋಟವನ್ನು ಅವರ ಜತೆಗಾರರು ನೋಡಿದರು. ನಕ್ಷತ್ರ ನೋಡಿ ಇಷ್ಟು ದೂರದ ದೋಣಿ ನಡೆಸಿದ ಹವಾಯಿಯವರೊಬ್ಬರು ಕಂಡದ್ದು ಶತಮಾನಗಳ ಮೇಲೆ ಅದೇ ಮೊದಲು.

ತರಗತಿಯೊಳಗೆ ಬಂದ ಕಡಲು

ಇಷ್ಟಕ್ಕೇ ನಿಂತಿದ್ದರೆ ಅದು ಸಾಹಸದ ಕಥೆ ಮಾತ್ರ ಆಗುತ್ತಿತ್ತು. ಪಿಂಕಿಗೆ ಬೇಕಾದದ್ದು ಮಕ್ಕಳು. 1992ರ ಯಾತ್ರೆಗೆ ಇಟ್ಟ ಹೆಸರೇ 'ನೋ ನಾ ಮಾಮೊ'. ಮಕ್ಕಳಿಗಾಗಿ ಅಂತ ಅರ್ಥ. ದೋಣಿ ಎಲ್ಲಿದೆ, ಗಾಳಿ ಹೇಗಿದೆ, ಸಿಬ್ಬಂದಿ ಏನು ತಿಂದರು, ಕುಡಿಯಲು ನೀರೆಷ್ಟಿದೆ ಎಂಬುದನ್ನೆಲ್ಲ ಹವಾಯಿಯ ಶಾಲಾಮಕ್ಕಳು ರೇಡಿಯೊದಲ್ಲಿ ಕೇಳುತ್ತಿದ್ದರು. ಅದೇ ಹೊತ್ತಿಗೆ ಮೇಲೆ ಕೊಲಂಬಿಯಾ ಎಂಬ ಬಾಹ್ಯಾಕಾಶ ವಾಹನದಲ್ಲಿ ಹವಾಯಿಯಲ್ಲಿ ಬೆಳೆದ ಲೇಸಿ ವೀಚ್ ಎಂಬ ಗಗನಯಾತ್ರಿ ಸುತ್ತುತ್ತಿದ್ದರು. ಆಕಾಶದಿಂದ ಅವರು, ಕಡಲಿನಿಂದ ನೈನೋವಾ, ತರಗತಿಯಿಂದ ಮಕ್ಕಳು, ಮೂರೂ ಕಡೆಯವರು ಮಾತಾಡಿದರು. ನಕ್ಷತ್ರ ನೋಡಿ ಹೋಗುವ ಅಜ್ಜನ ವಿದ್ಯೆಗೂ ರಾಕೆಟ್ ವಿದ್ಯೆಗೂ ಜಗಳವಿಲ್ಲ ಅಂತ ಮಕ್ಕಳಿಗೆ ಬೇರೆ ಪಾಠ ಹೇಳಬೇಕಾಗಲಿಲ್ಲ.

ಇನ್ನೊಂದು ಪ್ರಸಂಗ ಉಂಟು. 1990ರ ಸುಮಾರಿಗೆ ಹಿಂದಿನವರ ಹಾಗೆ ಮರದಿಂದಲೇ ಒಂದು ದೊಡ್ಡ ದೋಣಿ ಕೊರೆಯಬೇಕೆಂದು ಹೊರಟರು. ಹವಾಯಿಯ ಕಾಡೆಲ್ಲ ಅಲೆದರೂ ಅಷ್ಟು ದೊಡ್ಡ ಕೋವಾ ಮರ ಎರಡು ಸಿಗಲಿಲ್ಲ. ಕಾಡು ಅಷ್ಟು ಹಾಳಾಗಿತ್ತು. ಕೊನೆಗೆ ಅಲಾಸ್ಕಾದ ಮೂಲನಿವಾಸಿಗಳು ತಮ್ಮ ನೆಲದ ಎರಡು ಭಾರಿ ಸ್ಪ್ರೂಸ್ ಮರ ಕೊಟ್ಟರು. ಮರ ತಂದು ದೋಣಿ ಮಾಡಿದ್ದಷ್ಟೇ ಆಗಿದ್ದರೆ ಸಾಲದ ಮೇಲೆ ಮದುವೆ ಮಾಡಿದ ಹಾಗೆ. ಅವರು ಸ್ವಂತ ಕಾಡಿನಲ್ಲಿ ಸಾವಿರಾರು ಕೋವಾ ಸಸಿಗಳನ್ನೂ ನೆಟ್ಟರು. ಅವು ದೋಣಿಗೆ ಆಗುವಷ್ಟು ಬೆಳೆಯುವ ಹೊತ್ತಿಗೆ ನೆಟ್ಟವರು ಯಾರೂ ಇರುವುದಿಲ್ಲ.

ದೊಡ್ಡ ಯಾತ್ರೆ ಎಲ್ಲರಿಗೂ ಸಿಗುವುದಲ್ಲ. ಆದರೆ ಆರು ಜನರ ಪಕ್ಕತೋಳಿನ ದೋಣಿ ಹವಾಯಿಯ ಊರೂರಿನಲ್ಲಿ ಇದೆ. 1986ರಲ್ಲಿ ರಾಜ್ಯ ಅದನ್ನು ಅಧಿಕೃತ ತಂಡ ಕ್ರೀಡೆ ಎಂದು ಸಾರಿತು. ಮುಂದೆ ಕೂತವರು ಲಯ ಹಿಡಿಯಬೇಕು, ಹಿಂದೆ ಕೂತವರು ಚುಕ್ಕಾಣಿ ಹಿಡಿಯಬೇಕು, ನಡುವಿನವರು ತೋಳು ಕೊಡಬೇಕು. ಒಬ್ಬ ಮೈಗಳ್ಳನಾದರೆ ಉಳಿದ ಐವರಿಗೆ ತಕ್ಷಣ ಗೊತ್ತಾಗುತ್ತದೆ. ಪ್ರತಿ ವರ್ಷ ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ಕೋನಾದಲ್ಲಿ ದೊಡ್ಡ ಕಡಲಪಂದ್ಯ ನಡೆಯುತ್ತದೆ. ಸೆಪ್ಟೆಂಬರ್ 2 ರಾಣಿಯ ಹುಟ್ಟುಹಬ್ಬ. ಪಂದ್ಯದ ಹೆಸರೂ ರಾಣಿ ಲಿಲಿಯುವೊಕಲಾನಿಯದೇ. ಮಕ್ಕಳಿಗೆ ಆಸ್ತಿ ಬರೆದ ರಾಣಿಯ ಹೆಸರಿನಲ್ಲೇ ದೋಣಿಗಳು ಓಡುತ್ತವೆ.

ಸಂಜೆ ಪತ್ರಿಕೆ ಬಯಲು ಮಾಡಿದ್ದು

ಕಥೆಯಲ್ಲಿ ಎಲ್ಲ ಹೂವೇ ಇಲ್ಲ, ಮುಳ್ಳೂ ಇದೆ. ಪಿಂಕಿ 1974ರಿಂದ 1994ರ ತನಕ ಬಿಷಪ್ ಎಸ್ಟೇಟಿನ ಐವರು ಧರ್ಮದರ್ಶಿಗಳಲ್ಲಿ ಒಬ್ಬರಾಗಿದ್ದರು. ಬರ್ನಿಸ್ ಪೌವಾಹಿ ಎಂಬ ರಾಜಕುಮಾರಿ ಹವಾಯಿ ಮಕ್ಕಳ ಶಾಲೆಗಾಗಿ ಉಯಿಲು ಬರೆದಿಟ್ಟ ಅಪಾರ ಜಮೀನಿನ ಆಸ್ತಿ ಅದು. ಆ ಉಯಿಲಿನಿಂದ 1887ರಲ್ಲಿ ಶುರುವಾದದ್ದು ಕಾಮೆಹಾಮೆಹಾ ಶಾಲೆ. ಶಾಲೆಯ ಗೇಟಿನೊಳಗೆ ಬರುವ ಮಕ್ಕಳು ಎಷ್ಟು ಮಂದಿ, ಹೊರಗೆ ಉಳಿಯುವವರು ಎಷ್ಟು ಮಂದಿ ಎಂಬುದು ಪಿಂಕಿಯ ಪ್ರಶ್ನೆ. ಐದು ವರ್ಷಕ್ಕೆ ಶಾಲೆಗೆ ಬಂದಾಗ ತಿದ್ದುವುದು ತಡವಾಯಿತು, ಮಗು ಹೊಟ್ಟೆಯಲ್ಲಿ ಇರುವಾಗಲೇ ತಾಯಿಯ ಹತ್ತಿರ ಹೋಗಬೇಕು ಎಂಬುದು ಅವರ ಹಟ. ಹಳ್ಳಿಗಳಿಗೇ ಹೋಗುವ ಶಿಶುಶಾಲೆಗಳು ಆ ಕಾಲದಲ್ಲಿ ನಡೆದವು.

ಅವರು ಹೋದ ಮೇಲೆ, 1995ರಲ್ಲಿ, ಇಂಥ ಹೊರಗಿನ ಕಾರ್ಯಕ್ರಮಗಳಲ್ಲಿ ಹಲವಕ್ಕೆ ಕತ್ತರಿ ಬಿತ್ತು. ಧರ್ಮದರ್ಶಿಗಳ ಸಂಭಾವನೆ ಮಾತ್ರ ತಲೆಗೆ ವರ್ಷಕ್ಕೆ 10 ಲಕ್ಷ ಡಾಲರಿನ ಹತ್ತಿರ. ಅವರನ್ನು ನೇಮಿಸುತ್ತಿದ್ದವರು ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೇ. ಕೇಳುವವರು ಯಾರು? 1997ರ ಆಗಸ್ಟ್ 9ರಂದು ಹೊನೊಲುಲುವಿನ ಸ್ಟಾರ್ ಬುಲೆಟಿನ್ ಒಂದು ದೀರ್ಘ ಲೇಖನ ಹಾಕಿತು. ಅದು ಮಧ್ಯಾಹ್ನ ಕಳೆದು ಜನರ ಕೈಗೆ ಬರುವ ಪತ್ರಿಕೆಯೆಂದೇ ಹೆಸರಾಗಿತ್ತು. ಬರೆದವರು ಇಬ್ಬರು ನ್ಯಾಯಾಧೀಶರು, ಒಬ್ಬ ಪಾದ್ರಿ, ಒಬ್ಬ ಹಿರಿಯ ಶಿಕ್ಷಕಿ, ಒಬ್ಬ ಕಾನೂನು ಪ್ರೊಫೆಸರ್. ಮಕ್ಕಳ ಆಸ್ತಿಯಲ್ಲಿ ನಡೆದ ಕಾರುಬಾರನ್ನು ಬಿಡಿಸಿಟ್ಟರು. ಜನ ಬೀದಿಗೆ ಇಳಿದದ್ದೂ ಆಗಿತ್ತು. 1999ರ ಹೊತ್ತಿಗೆ ಐವರೂ ಜಾಗ ಖಾಲಿ ಮಾಡಬೇಕಾಯಿತು. ಆ ಬಳಿಕ ಬಂದ ಹೊಸ ಧರ್ಮದರ್ಶಿಗಳಲ್ಲಿ ನೈನೋವಾ ಕೂಡ ಒಬ್ಬರು.

ಇದರಿಂದ ತಿಳಿಯುವುದು ಇಷ್ಟು. ಮಕ್ಕಳ ಹೆಸರಿನಲ್ಲಿ ಬರೆದ ಪತ್ರ ಎಷ್ಟೇ ಗಟ್ಟಿಯಾಗಿರಲಿ, ಅದನ್ನು ಕಾಯುವವರು ನಿದ್ದೆ ಹೋದರೆ ಅದು ಬರಿ ಕಾಗದ.

ಉಳಿದದ್ದು

ಪಿಂಕಿ ತೀರಿಕೊಂಡಾಗ ಅವರು ಕಟ್ಟಿದ ಕೆಲಸ ನಿಲ್ಲಲಿಲ್ಲ. 2014ರಲ್ಲಿ ಹೋಕುಲೇಅ ಪ್ರಪಂಚ ಸುತ್ತಲು ಹೊರಟಿತು. ಹಿಂದೂ ಮಹಾಸಾಗರ ದಾಟಿತು, ಮಾರಿಷಸ್ ಮುಟ್ಟಿತು, ದಕ್ಷಿಣ ಆಫ್ರಿಕಾ ಬಳಸಿತು. 2017ರ ಜೂನ್ 17ರಂದು ಹೊನೊಲುಲುವಿಗೆ ಮರಳಿತು. ಹೋದಲ್ಲೆಲ್ಲ ದೋಣಿ ಹತ್ತಿದವರು ಶಾಲಾಮಕ್ಕಳು. ಹವಾಯಿ ನುಡಿಗೆ 1978ರಲ್ಲಿ ರಾಜ್ಯದ ಸಂವಿಧಾನವೇ ಅಧಿಕೃತ ಸ್ಥಾನ ಕೊಟ್ಟಿದೆ. 1984ರಿಂದ ಆ ನುಡಿಯಲ್ಲೇ ಮಾತಾಡುವ ಶಿಶುಶಾಲೆಗಳು ನಡೆದಿವೆ. 1896ರಿಂದ ಇದ್ದ ಅಡ್ಡಗೋಡೆ 1986ರಲ್ಲಿ ಬಿತ್ತು. ಬಡತನ ಹೋಗಿಲ್ಲ, ಮನೆ ಒಡೆಯುವುದೂ ನಿಂತಿಲ್ಲ. ಆದರೆ 'ನಿಮ್ಮವರು ದಿಕ್ಕು ತಪ್ಪಿ ಬಂದವರು' ಎಂದು ಹವಾಯಿಯ ಮಗುವಿಗೆ ಇವತ್ತು ಯಾರೂ ಹೇಳುವ ಹಾಗಿಲ್ಲ.

ಮಗುವಿಗೆ ಊಟ ಬೇಕು, ಸೂರು ಬೇಕು, ಕೋರ್ಟಿನ ಆರ್ಡರೂ ಬೇಕು. ಇವಿಷ್ಟನ್ನು ಕೊಡುವ ಇಲಾಖೆಗಳು ಇವೆ, ಟ್ರಸ್ಟುಗಳು ಇವೆ, ವಕೀಲರು ಇದ್ದಾರೆ. ಅದರಾಚೆ ಇನ್ನೊಂದು ಬೇಕು. ತಾನು ಯಾರ ಮಗು, ತನ್ನವರು ಏನು ಬಲ್ಲವರಾಗಿದ್ದರು, ಈ ದೋಣಿಯಲ್ಲಿ ತನ್ನ ಜಾಗ ಯಾವುದು ಎಂಬುದು ಅದಕ್ಕೆ ತಿಳಿದಿರಬೇಕು. ಅದನ್ನು ತಿಳಿಸಬೇಕಾದವರು ಪಕ್ಕದಲ್ಲಿ ಕೂತು ಹುಟ್ಟು ಹಾಕಬೇಕು. ದಡದಲ್ಲಿ ನಿಂತು ಬುದ್ಧಿ ಹೇಳಿದರೆ ಮಗುವಿನ ಕಿವಿಗೆ ಬೀಳುವುದಿಲ್ಲ, ಅಲೆಯ ಸದ್ದು ಜಾಸ್ತಿ. ಎಡ್ಡಿಯನ್ನು ಕಡಲು ತೆಗೆದುಕೊಂಡ ಮೇಲೂ ಮಗನನ್ನು ಅದೇ ಕಡಲಿಗೆ ಕಳಿಸಿದ ತಂದೆಗೆ ಅದು ಗೊತ್ತಿತ್ತು. ಸುಮ್ಮನೆ ಕಳಿಸಲಿಲ್ಲ, ಎರಡು ವರ್ಷ ತಯಾರು ಮಾಡಿ, ಹಿಂದೆ ಕಾವಲು ಹಡಗು ಇಟ್ಟು ಕಳಿಸಿದರು.